ನೀಲಿ ಡಬ್ಬಿಗೆ ಹೆದರಿದವರು

ಲಸಿಕೆಯ ಡಬ್ಬಿ ನಮಗೆ ಬಸ್ಸಿನಲ್ಲಿ ಒಂಟಿಯಾಗಿ ಬರುತ್ತಿತ್ತು. ಬೆಳಿಗ್ಗೆ ಜಹೀರಾಬಾದಿನಲ್ಲಿ ಉಗ್ರಾಣದವನು ಅದನ್ನು ಡ್ರೈವರನ ಪಕ್ಕ ಇಡುತ್ತಿದ್ದ. ನಡುವೆ ಒಂದು ಕೂಡುದಾರಿಯಲ್ಲಿ ಇಳಿಸಿ ಇನ್ನೊಂದು ಗಾಡಿಗೆ ಏರಿಸುತ್ತಿದ್ದರು. ನಾರಾಯಣಖೇಡದ ಸ್ಟ್ಯಾಂಡಿನಲ್ಲಿ, ಅಲ್ಲಿನ ಆಸ್ಪತ್ರೆಯ ನರ್ಸ್ ಆದ ನಾನು ಸಹಿ ಮಾಡಿ ಇಳಿಸಿಕೊಳ್ಳುತ್ತಿದ್ದೆ. ಇದರಲ್ಲಿ ವಿಶೇಷವೇನೂ ಇರಲಿಲ್ಲ. ನಮ್ಮ ಕಡೆ ರೊಟ್ಟಿಯ ಬುತ್ತಿಯೂ ಹೀಗೆಯೇ ಹೋಗುತ್ತಿತ್ತು. ತಾಯಿ ಜೋಳದ ರೊಟ್ಟಿ, ಪುಂಡಿಪಲ್ಲೆ ಬಟ್ಟೆಯಲ್ಲಿ ಕಟ್ಟಿ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುವ ಮಗ ತಾಂಡೂರಿನಲ್ಲಿ ಅದನ್ನು ಇಳಿಸಿಕೊಳ್ಳುತ್ತಿದ್ದ. ಗಂಟಿನ ಮೇಲೆ ಹೆಸರಿರುತ್ತಿರಲಿಲ್ಲ. ಬಟ್ಟೆ ನೋಡಿಯೇ ಗುರುತು. ಜೊತೆಯಿಲ್ಲದ ಗಂಟು ಎಂದರೆ ಆಗ ನಮ್ಮಲ್ಲಿ ಯಾರದೋ ಊಟ, ಅಷ್ಟೆ.

ಎಂಬತ್ತರ ದಶಕದ ನಡುವೆ, ಒಂದು ಬೇಸಿಗೆಯಲ್ಲಿ, ದೂರದ ದೊಡ್ಡ ನಗರದಲ್ಲಿ ರೇಡಿಯೋ ಪೆಟ್ಟಿಗೆಯೊಳಗೆ ಇಟ್ಟ ಬಾಂಬುಗಳು ಸಿಡಿದವು. ಬಸ್ಸಿನಲ್ಲಿ ಕುಳಿತವರು ಸತ್ತರು. ನಾವು ಸುದ್ದಿ ಕೇಳಿದೆವು, ಮರುಗಿದೆವು, ಬಿತ್ತನೆಯ ಕೆಲಸಕ್ಕೆ ಹೋದೆವು. ನಮ್ಮ ಕಡೆ ಹೆದರಿಕೆ ಹಿಡಿದದ್ದು ಆಗಲ್ಲ. ಅದು ಬಂದದ್ದು ಚಳಿಗಾಲದಲ್ಲಿ, ಬಸ್ಸುಗಳೊಳಗೆ ಚೀಟಿ ಅಂಟಿಸಿದ ಮೇಲೆ. ಗುರುತಿಲ್ಲದ ವಸ್ತು ಮುಟ್ಟಬೇಡಿ, ತಿಳಿಸಿ, ಎಂದು ಅದರಲ್ಲಿತ್ತು. ಯಾರಿಗೆ ತಿಳಿಸಬೇಕು, ತಿಳಿಸಿದ ಮೇಲೆ ಅವರು ಏನು ಮಾಡಬೇಕು ಎಂಬುದು ಇರಲಿಲ್ಲ. ಅರ್ಧ ಬರೆದ ಸೂಚನೆಗಿಂತ ಬರೆಯದಿರುವುದೇ ಮೇಲು. ನಾನು ಕಲಿತ ಆಸ್ಪತ್ರೆಯಲ್ಲಿ ಮೇಟ್ರನ್ ಅಂಥ ಚೀಟಿಯನ್ನು ಹರಿದು ಬರೆದವರ ಮುಂದೆಯೇ ಎಸೆಯುತ್ತಿದ್ದರು.

ಮೊದಲ ವಾರ ಜನ ಸೀಟಿನ ಕೆಳಗೆ ಬಗ್ಗಿ ನೋಡಿ ನಗುತ್ತಿದ್ದರು. ಎರಡನೇ ವಾರ ನಗು ನಿಂತಿತು. ಆಮೇಲೆ ಬುತ್ತಿ ಒಯ್ಯಲು ಕಂಡಕ್ಟರುಗಳು ಒಪ್ಪಲಿಲ್ಲ. ಒಂದು ವಿಷಯ ನಾನು ಗಮನಿಸಿದೆ. ಹೆದರಿಕೆ ಎಲ್ಲ ಸಾಮಾನಿನ ಮೇಲೂ ಒಂದೇ ಸಮ ಬೀಳುತ್ತಿರಲಿಲ್ಲ. ಕಿರಾಣಿ ಸಾಹುಕಾರನ ಬೀಗ ಹಾಕಿದ ಟ್ರಂಕಿಗೆ ಯಾರೂ ಹೆದರಲಿಲ್ಲ. ಕುರುಬರ ಕಂಬಳಿಯ ಗಂಟನ್ನು ಬಡಿಗೆಯಿಂದ ತಿವಿದು ನೋಡುತ್ತಿದ್ದರು.

ಇದೇ ತಿಂಗಳುಗಳಲ್ಲಿ ಮನೂರಿನ ಕಡೆಯ ಹಳ್ಳಿಗಳಲ್ಲಿ ದಡಾರ ಎದ್ದಿತ್ತು. ನಮ್ಮಲ್ಲಿ ಅದಕ್ಕೆ ಗೊಬ್ಬರ ಎನ್ನುತ್ತಾರೆ. ಅದು ಪ್ರತಿ ವರ್ಷ ತೊಗರಿ ಕಟಾವಿನ ಹೊತ್ತಿಗೆ ಬರುತ್ತಿತ್ತು. ಕೂಸು ಸತ್ತರೆ ಹೂಳಿ ಬಂದು ಮರುದಿನ ರಾಶಿ ಮಾಡುತ್ತಿದ್ದರು. ಅದಕ್ಕೆ ಯಾರೂ ಚೀಟಿ ಅಂಟಿಸಿರಲಿಲ್ಲ.

ಆ ಫೆಬ್ರವರಿಯ ಲಸಿಕೆ ಶಿಬಿರ ಮನೂರಿನ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ. ಡಬ್ಬಿಯನ್ನು ನೇರ ಆ ಹಳ್ಳಿಯ ಗಾಡಿಗೇ ಹಾಕಲು ಹೇಳಿದ್ದೆ. ಒಂಬತ್ತಕ್ಕೆ ಬರಬೇಕು. ನಾನು ಏಳಕ್ಕೇ ಹೋಗಿ ಸ್ಟೌ ಹಚ್ಚಿ ಸಿರಿಂಜು ಸೂಜಿಗಳನ್ನು ಇಪ್ಪತ್ತು ನಿಮಿಷ ಕುದಿಸಿ, ಬಟ್ಟೆ ಮುಚ್ಚಿ, ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹೆಂಗಸರು ಎಂಟಕ್ಕೇ ಬಂದು ಗೋಡೆಯ ನೆರಳಿಗೆ ಕುಳಿತರು. ನಮ್ಮ ಡಾಕ್ಟರು ಹತ್ತಕ್ಕೆ ಬಂದರು. ಆಂಧ್ರದ ಕರಾವಳಿಯ ಕಡೆಯಿಂದ ಹೊಸದಾಗಿ ಬಂದಿದ್ದ ಹುಡುಗ, ತೆಲುಗಿನವರು, ಕೆಟ್ಟವರಲ್ಲ.

ಒಂಬತ್ತರ ಗಾಡಿ ಬಂತು. ಡಬ್ಬಿ ಇರಲಿಲ್ಲ. ಹನ್ನೊಂದರ ಗಾಡಿಯಲ್ಲೂ ಇರಲಿಲ್ಲ. ನೆರಳು ಸರಿದ ಹಾಗೆ ಹೆಂಗಸರೂ ಸರಿದು ಕುಳಿತರು. ಎರಡೂಕಾಲಿಗೆ ಬಂದ ಗಾಡಿಯಿಂದ ಕಂಡಕ್ಟರು ಡಬ್ಬಿ ಹಿಡಿದು ಇಳಿದ.

“ತಗೋರಿ ಬಾಯಿ, ನಿಮ್ಮ ಬಾಂಬ್,” ಅಂದ. ಗಾಡಿಯೊಳಗಿನವರು ನಕ್ಕರು.

ನಾನು ನಗಲಿಲ್ಲ. ಮುಚ್ಚಳ ತೆಗೆದು ಉಷ್ಣಮಾಪಕ ನೋಡಿದೆ. ಸರಿಯಾಗಿತ್ತು, ಚೆನ್ನಾಗಿಯೇ ತಣ್ಣಗಿತ್ತು. ಡಾಕ್ಟರು ಇಣುಕಿ “ಬಾಗುಂದಿ”, ಚೆನ್ನಾಗಿದೆ, ಅಂದು ಮೊದಲ ತಾಯಿಯನ್ನು ಕರೆದೂ ಬಿಟ್ಟರು. ನಾನು ದಡಾರದ ಸೀಸೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಅದರ ರಬ್ಬರ್ ಬಿರಡೆಯ ಅಂಚಿಗೆ ಕಟ್ಟಿಗೆಯ ಹೊಟ್ಟು ಅಂಟಿತ್ತು, ಗರಗಸದ ಅಡಿಯಲ್ಲಿ ಬೀಳುವಂಥದ್ದು. ಎರಡನೇ ಸೀಸೆಯಲ್ಲೂ ಇತ್ತು.

ನಮ್ಮ ಡಬ್ಬಿಯಲ್ಲಿ ತಂಪು ಇರುವುದು ನೀರು ತುಂಬಿ ಗಟ್ಟಿ ಮಾಡಿದ ನಾಲ್ಕು ಚಪ್ಪಟೆ ಪ್ಲಾಸ್ಟಿಕ್ ಡಬ್ಬಗಳಿಂದ. ಹೊಟ್ಟಿನಲ್ಲಿ ಹೂತಿಡುವುದು ಸೋಡಾ ಅಂಗಡಿಯ ಬರ್ಫನ್ನು, ಅಂದರೆ ಐಸಿನ ಗಡ್ಡೆಯನ್ನು.

ಕಂಡಕ್ಟರು ಚಹಾ ಕುಡಿಯುತ್ತಿದ್ದ. ಹೋಗಿ ಸೀಸೆ ತೋರಿಸಿದೆ.

“ಏನಿಲ್ರಿ, ಥೋಡೆ ಧೂಳ ಹತ್ತಿರಬೇಕು.”

“ಧೂಳ ಅಲ್ಲ ಇದು. ಎಲ್ಲಿ ಇಳಿಸಿದ್ರಿ ಡಬ್ಬಿ? ಯಾರು ತೆಗದ್ರು?”

“ನಾ ಮುಟ್ಟಿಲ್ರಿ. ನನ್ನ ಮ್ಯಾಲ ಯಾಕ ಬರ್ತೀರಿ?”

“ಗಾಡಿ ಮುಂದ ನಿಲ್ತೀನಿ. ಹೇಳಿದ ಮ್ಯಾಲೇ ಸರೀತೀನಿ.”

ಅವನು ಕಪ್ಪು ಕೆಳಗಿಟ್ಟ. ಹೇಳಿದ. ಕೂಡುದಾರಿಯಲ್ಲಿ ಬೆಳಿಗ್ಗೆ ಡಬ್ಬಿ ಇಳಿಸಿದಾಗ ಯಾರೋ ಒಬ್ಬ ಇದು ಯಾರದು ಎಂದು ಕೇಳಿದ. ಇಂಗ್ಲಿಷ್ ಅಕ್ಷರ, ನೀಲಿ ಬಣ್ಣ, ಬಿಗಿಯಾದ ಮುಚ್ಚಳ. ಅಲ್ಲಿ ಬಸ್ಸು ಬಿಡಿಸುವ ಕಂಟ್ರೋಲರಿಗೆ ಅದು ಗೊತ್ತಿತ್ತು. ಎರಡು ವಾರಕ್ಕೊಮ್ಮೆ ಅವನ ಕೈಯಿಂದಲೇ ದಾಟುತ್ತಿತ್ತು. ಆದರೂ ನಲವತ್ತು ಜನ ಕೂಗುವಾಗ ಅವನಿಗೂ ಸಂಶಯ ಬಂತು. ನೆರಳಿನಲ್ಲಿ ಜನ ಕೂಡುತ್ತಾರೆಂದು ಡಬ್ಬಿಯನ್ನು ಬಯಲಿನ ನಡುವೆ, ಬಿಸಿಲಿಗೆ ಇಡಿಸಿದರು. ಪೇದೆ ಬಂದು ಬಡಿಗೆಯಿಂದ ತಿವಿದ. ದನ ಕುಡಿಯುವ ತೊಟ್ಟಿಯಿಂದ ನಾಲ್ಕು ಕೊಡ ನೀರು ಸುರಿಸಿದರು. ಏನೂ ಆಗಲಿಲ್ಲ. ಆಮೇಲೆ ಧೈರ್ಯ ಮಾಡಿ ಮುಚ್ಚಳ ತೆಗೆದರೆ ಒಳಗೆ ನೀರು ತುಂಬಿದ ನಾಲ್ಕು ಚಪ್ಪಟೆ ಡಬ್ಬ. ಅದನ್ನು ನೋಡಿ, ಮುಚ್ಚಳ ತೆರೆದೇ ಬಿಟ್ಟು, ಮತ್ತೆ ಓಡಿದರು. ಮಧ್ಯಾಹ್ನಕ್ಕೆ ಅವನ್ನು ಒಂದೊಂದಾಗಿ ತೆಗೆದು ಗೋಡೆಯ ಮೇಲೆ ಸಾಲಾಗಿ ಇಟ್ಟರು. ಆಗ ಕಂಟ್ರೋಲರಿಗೆ ನೆನಪಾಯಿತಂತೆ, ಇದು ತಂಪಾಗಿರಬೇಕಾದ ಔಷಧಿ ಎಂದು.

“ನಿಮ್ಮ ಔಷಧಿ ಕೆಡಬಾರ್ದಂತ ಅವ್ರೇ ಹೋಗಿ ಸೋಡಾದ ಅಂಗಡಿ ಬರ್ಫ ತಂದು ತುಂಬ್ಯಾರ್ರಿ. ಒಳಗ ಎಲ್ಲಾ ವರಸಿ, ಬರ್ಫ ತಳಕ್ಕ ಹಾಕಿ, ಆ ನಾಲ್ಕೂ ಡಬ್ಬ ಮೊದಲಿನಂಗ ಮ್ಯಾಲ ಬರೋಬ್ಬರಿ ಇಟ್ಟಾರ. ಒಳ್ಳೇದಕ್ಕೇ ಮಾಡ್ಯಾರ ಬಾಯಿ, ಪಾಪ.”

ಈ ಒಳ್ಳೆಯತನದ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಡಬ್ಬಿ ಬಿಸಿಯಾಗಿ ಬಂದಿದ್ದರೆ ಡಾಕ್ಟರಿಗೂ ತಿಳಿಯುತ್ತಿತ್ತು. ಬರ್ಫು ಹಾಕಿ ಆ ಮನುಷ್ಯ ಕೆಟ್ಟದ್ದನ್ನು ಒಳ್ಳೆಯದರಂತೆ ಕಾಣುವ ಹಾಗೆ ಮಾಡಿಟ್ಟಿದ್ದ. ಎರಡು ಚೂರು ಹೊಟ್ಟು ಉಳಿಯದಿದ್ದರೆ ನಾನೂ ಚುಚ್ಚಿಬಿಡುತ್ತಿದ್ದೆ.

ಡಾಕ್ಟರಿಗೆ ಹೇಳಿದೆ. ಅವರು ಹೆಂಗಸರ ಸಾಲು ನೋಡಿದರು, ಗಡಿಯಾರ ನೋಡಿದರು.

“ಪರವಾಲೇದು ಸಿಸ್ಟರ್. ಈಗ ತಣ್ಣಗೈತಿ ಕದಾ. ಇವರನ್ನ ವಾಪಸ್ ಕಳಿಸಿದ್ರೆ ಮತ್ತೆ ಬರ್ತಾರಾ?”

“ಒಡೆದ ಹಾಲು ತಣ್ಣಗ ಮಾಡಿದ್ರ ಕೂಡತದೇನ್ರಿ ಸಾಹೇಬ್ರ? ಐದು ತಾಸು ಬಿಸಿಲಾಗ ಇತ್ತು.”

“ಕೆಲವು ಸೀಸೆ ಚೆನ್ನಾಗಿರಬಹುದು.”

“ಯಾವುದಂತ ನೀವು ಹೇಳ್ರಿ. ಅದನ್ನ ಚುಚ್ತೀನಿ.”

ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಕಳಿಸಿದರೆ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ಸತ್ತ ಲಸಿಕೆ ಚುಚ್ಚಿ ಕಳಿಸಿದರೆ ಆ ತಾಯಿ ನಿಶ್ಚಿಂತೆಯಿಂದ ಇರುತ್ತಾಳೆ, ಕೂಸನ್ನು ಗೊಬ್ಬರ ಬಂದ ಮನೆಗೂ ಒಯ್ಯುತ್ತಾಳೆ. ನಾನು ಸೀಸೆಗಳನ್ನೆಲ್ಲ ಶಾಲೆಯ ಹಿಂದಿನ ಗುಂಡಿಗೆ ಒಡೆದು ಹಾಕಿ ಮಣ್ಣು ಮುಚ್ಚಿದೆ. ಎಲ್ಲರಿಗೂ ಕಾಣುವ ಹಾಗೆ ಮಾಡಿದೆ. ಕಾರಣವನ್ನೂ ಹೇಳಿದೆ.

ಹೆಂಗಸರು ಎದ್ದರು. ಒಬ್ಬಳು ಪಕ್ಕದವಳಿಗೆ “ಡಬ್ಬ್ಯಾಗ ಬಾಂಬ್ ಇತ್ತಂತ. ಅದನ್ನೇ ಕೂಸಿಗಿ ಚುಚ್ಚಾಕ ಬಂದಾರೇನವ?” ಅಂದಳು. ಅರ್ಧ ತಮಾಷೆ, ಅರ್ಧ ಅಲ್ಲ.

ಒಬ್ಬಳು ಮಾತ್ರ ಹೋಗಲಿಲ್ಲ. ಕುರಿ ಕಾಯುವವರ ಸೊಸೆ, ಸೊಂಟದ ಮೇಲೆ ಹೆಣ್ಣುಕೂಸು. ನನಗೆ ಅವಳ ಗುರುತು ಸಿಕ್ಕಿತು.

“ಹ್ವಾದ ತಿಂಗಳ ಬಂದಾಗ ಕೂಸು ಸಣ್ಣದದ ಅಂದ್ರಿ. ಈಗ ಔಷಧಿ ಕೆಟ್ಟದ ಅಂತೀರಿ. ಮುಂದಿನ ತಿಂಗಳಕ್ಕ ನಾವು ಇಲ್ಲಿರಂಗಿಲ್ರಿ ಬಾಯಿ.”

ಜನವರಿಯಲ್ಲಿ ಅವಳು ನಿಜಕ್ಕೂ ಬಂದಿದ್ದಳು. ಕೂಸು ಬಸವ ಜಯಂತಿಯಾದ ಮೂರನೇ ದಿನ ಹುಟ್ಟಿದ್ದು. ನಾನು ಬೆರಳೆಣಿಸಿ ಒಂಬತ್ತು ತಿಂಗಳಿಗೆ ಹದಿನೈದು ದಿನ ಕಡಿಮೆ ಎಂದು ಕಳಿಸಿದ್ದೆ. ನಿಯಮ ಹಾಗಿತ್ತು. ದಡಾರ ಎದ್ದ ಕಡೆ, ಊರು ಬಿಡುವ ಜನಕ್ಕೆ, ಹದಿನೈದು ದಿನ ಬಿಟ್ಟುಕೊಡಬಹುದೇ ಎಂದು ನಾನು ಡಾಕ್ಟರನ್ನು ಕೇಳಲೂ ಇಲ್ಲ. ಕಂಟ್ರೋಲರ ಮೇಲೆ ಸಿಟ್ಟು ಮಾಡುವಾಗ ಇದನ್ನೂ ಬರೆಯಬೇಕು.

“ಎಂದು ಹೊಂಟೀರಿ?”

“ನಾಡದು. ತಾಂಡೂರ ದಾಟಿ ಪೆದ್ದೆಮುಲ್ ಕಡಿ. ಅಲ್ಲಿ ಪಟೇಲರ ಹೊಲದಾಗ ಹಿಕ್ಕಿ ಬೀಳಲಂತ ರಾತ್ರಿ ಕುರಿ ತರಬ್ತೀವಿ.”

“ನಾ ಅಲ್ಲಿಗಿ ಬಂದು ಹಾಕ್ತೀನಿ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೊಲದಾಗ? ನೀವು? ಬರ್ರಿ ಮತ್ತ. ಹಾಲು ಕುಡೀಲಾಕ ಕೊಡ್ತೀವಿ,” ಅಂದು ಹೋದಳು. ನಂಬಿರಲಿಲ್ಲ.

ಹೊಸ ಲಸಿಕೆಗೆ ಅಂದೇ ಬರೆದೆ. ಹಳೆಯದು ಏಕೆ ನಷ್ಟವಾಯಿತು ಎಂದು ವಿವರಣೆ ಕೇಳಿ ಉತ್ತರ ಬಂತು. ವಿವರಣೆ ಕಳಿಸಿದೆ. ನಾಶ ಮಾಡುವಾಗ ಇಬ್ಬರು ಸಾಕ್ಷಿಗಳಿದ್ದರೇ ಎಂದು ಕೇಳಿದರು. ಇಡೀ ಊರು ಇತ್ತು ಎಂದು ಬರೆದೆ. ಅದಕ್ಕೆ ಡಾಕ್ಟರು ಸಹಿ ಹಾಕಲು ಹೆದರಿದರು, ನಂತರ ಹಾಕಿದರು. ಹೀಗೆ ಹನ್ನೊಂದು ದಿನ ಹೋಯಿತು. ಹನ್ನೆರಡನೇ ದಿನ ಡಬ್ಬಿ ಜಹೀರಾಬಾದಿಗೆ ಬಂದಿದೆ ಎಂದು ತಿಳಿಯಿತು. ಅದೇ ದಿನ, ಕುರಿಗಳು ಎರಡು ರಾತ್ರಿ ತಂಗಿದ್ದ ದಾರಿಯ ಹಳ್ಳಿಯೊಂದರಲ್ಲಿ ಗೊಬ್ಬರ ಎದ್ದಿದೆ ಎಂದೂ ತಿಳಿಯಿತು.

ಡಾಕ್ಟರು ಕೈ ಚೆಲ್ಲಿದರು. “ತಾಂಡೂರು ನಮ್ಮ ಜಿಲ್ಲೆ ಅಲ್ಲ ಸಿಸ್ಟರ್. ಅಲ್ಲಿನವರು ನೋಡ್ಕೊಳ್ತಾರೆ.”

“ಅಲ್ಲಿನವ್ರಿಗಿ ಆ ಕೂಸು ಐತಂತ ಗೊತ್ತಿಲ್ರಿ.”

ಎರಡು ದಿನದ ರಜೆ ಬರೆದುಕೊಟ್ಟೆ. ಕಾರಣ ಎಂಬಲ್ಲಿ “ಪೆದ್ದೆಮುಲ್‌ನಲ್ಲಿ ದಡಾರದ ಲಸಿಕೆ ಹಾಕುವುದು” ಎಂದು ಬರೆದೆ. ರಜೆಯಲ್ಲಿ ಕೆಲಸ ಮಾಡುವೆನೆಂದು ಬರೆದ ಅರ್ಜಿಯನ್ನು ಅವರು ಎರಡು ಸಲ ಓದಿದರು. ಸಹಿ ಹಾಕಿ, ಉಗ್ರಾಣದವನಿಗೆ ಒಂದು ಚೀಟಿಯನ್ನೂ ಕೊಟ್ಟರು.

ಜಹೀರಾಬಾದಿನಲ್ಲಿ ಡಬ್ಬಿಗೆ ಹೊಸ ಬರ್ಫದ ಡಬ್ಬಗಳನ್ನು ನನ್ನ ಕೈಯಿಂದಲೇ ಜೋಡಿಸಿದೆ. ಲೆಕ್ಕ ಹಾಕಿದೆ: ಮುಚ್ಚಳ ತೆಗೆಯದಿದ್ದರೆ ಮರುದಿನ ಮುಂಜಾನೆಯವರೆಗೂ ತಂಪು ಇರುತ್ತದೆ. ತಾಂಡೂರಿನ ಗಾಡಿ ಹತ್ತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಊರು ದಾಟುವ ಮೊದಲೇ ನನ್ನ ಪಕ್ಕದ ಇಬ್ಬರು ಎದ್ದು ಹಿಂದೆ ಹೋದರು.

“ಏ ಬಾಯಿ, ಏನದ ಅದ್ರಾಗ?” ಹಿಂದಿನಿಂದ ಒಬ್ಬ ಕೇಳಿದ.

“ಮಕ್ಕಳ ಗೊಬ್ಬರದ ಔಷಧಿ.”

“ತೆಗದು ತೋರಸ್ರಿ ಮತ್ತ.”

“ತೆಗದ್ರ ಕೆಡತದ.”

“ಎಲ್ಲಾರೂ ಹಂಗೇ ಅಂತಾರ. ತೆಗೀಲಿಲ್ಲಂದ್ರ ಇಳೀರಿ.”

ನಾನು ಬಿಳಿ ಸೀರೆಯಲ್ಲಿದ್ದೆ. ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು. ಆ ಗಾಡಿಯಲ್ಲಿದ್ದ ಇಬ್ಬರು ಹೆಂಗಸರ ಹೆರಿಗೆಯನ್ನು ಹಿಂದೆ ನಾನೇ ಮಾಡಿಸಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕಂಡಕ್ಟರು ಬಂದು ಮೆಲ್ಲಗೆ “ಒಮ್ಮೆ ತೆಗದು ಮುಚ್ಚಿಬಿಡ್ರಿ ಬಾಯಿ, ಏನಾಗತದ?” ಅಂದ. ಒಮ್ಮೆ ತೆಗೆದರೆ ಮುಂದಿನ ಸ್ಟಾಪಿನಲ್ಲಿ ಹತ್ತಿದವರು ಇನ್ನೊಮ್ಮೆ ಕೇಳುತ್ತಾರೆ. ತಾಂಡೂರಿನವರೆಗೆ ಎಷ್ಟು ಸಲ? ನಾನು ತೆಗೆಯಲಿಲ್ಲ. ಅವರು ನನ್ನನ್ನು ಹೊಲಗಳ ನಡುವೆ ಇಳಿಸಿ ಹೋದರು.

ಹೆದರಿದವರ ಮೇಲೆ ನನಗೆ ಸಿಟ್ಟಿಲ್ಲ. ಹೆದರಿಕೆ ಯಾರಿಗೂ ಬರಬಹುದು. ಪರಿಚಯದ ಮನುಷ್ಯರು ಬಾಯಿ ಮುಚ್ಚಿ ಕುಳಿತದ್ದಕ್ಕೆ ಸಿಟ್ಟು.

ರಸ್ತೆಬದಿಯ ಜಾಲಿಮರದ ನೆರಳಿನಲ್ಲಿ ಡಬ್ಬಿ ಇಟ್ಟು, ಅದರ ಮೇಲೆ ಒದ್ದೆ ಟವೆಲ್ ಹಾಕಿ, ಒಂದೂವರೆ ತಾಸು ನಿಂತೆ. ಎರಡು ಗಾಡಿಗಳು ನಿಲ್ಲಲಿಲ್ಲ. ಕೊನೆಗೆ ನಿಂತದ್ದು ಸಿಮೆಂಟ್ ಇಳಿಸಿ ಖಾಲಿಯಾಗಿ ಕರಣಕೋಟಕ್ಕೆ ವಾಪಸಾಗುತ್ತಿದ್ದ ಲಾರಿ. ಡ್ರೈವರನ ಹುಬ್ಬಿನವರೆಗೂ ಬೂದಿಬಣ್ಣ.

“ಎಲ್ಲಿಗ್ರೀ ಅಕ್ಕಾರ, ಒಬ್ಬಾಕೀನೇ?”

ಹತ್ತುವ ಮೊದಲೇ ಹೇಳಿದೆ, ಈ ಡಬ್ಬಿಗಾಗಿ ಬಸ್ಸಿನಿಂದ ಇಳಿಸಿದ್ದಾರೆ, ಬೇಡವಾದರೆ ಈಗಲೇ ಹೇಳು ಎಂದು. ಅವನು ಬಾಗಿ ಡಬ್ಬಿ ಎತ್ತಿ ತನ್ನ ಪಕ್ಕದಲ್ಲೇ ಇಟ್ಟುಕೊಂಡ.

“ಬಾಂಬ್ ಆದ್ರೂ ಫಿಕರ್ ಇಲ್ರಿ. ನಮ್ಮ ಕಲ್ಲಿನ ಗಣ್ಯಾಗ ದಿನಾ ಮಧ್ಯಾಹ್ನ ಮದ್ದು ಹಾರಸ್ತಾರ. ಅದು ಹಾರಿದ ಮ್ಯಾಲೇ ನಮ್ಮ ಮನ್ಯಾಗ ಉಂಬಾಕ ಕೂಡ್ತಾರ.”

ಆ ದಿನ ನನಗೆ ಬಂದ ನಗು ಅದೊಂದೇ. ಅವನು ತಾಂಡೂರು ದಾಟಿಸಿ, ತನ್ನ ದಾರಿ ಬಿಟ್ಟು, ಪೆದ್ದೆಮುಲ್‌ನ ಹತ್ತಿರದವರೆಗೂ ಬಿಟ್ಟು ಹೋದ. ಕುರಿ ತರುಬಿದ ಹೊಲ ಹುಡುಕುವುದು ಕಷ್ಟವಾಗಲಿಲ್ಲ. ಯಾರ ಹೊಲಕ್ಕೆ ಕುರಿಹಿಕ್ಕೆಯ ಗೊಬ್ಬರ ಬಿದ್ದಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಸಂಜೆ ನಾಲ್ಕೂವರೆಗೆ ಅಲ್ಲಿಗೆ ಮುಟ್ಟಿದೆ.

ಆ ಸೊಸೆ ಬಲೆಯ ಬೇಲಿಯ ಹತ್ತಿರ, ಕೂಸನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ನಾನು ಕಂಬಳಿ ಸರಿಸಿದೆ. ಮುಖ, ಎದೆ, ಹೊಟ್ಟೆಯ ಮೇಲೆಲ್ಲ ಗುಳ್ಳೆ. ಕಣ್ಣಿಗೆ ಪಿಸಿರು ಕಟ್ಟಿ ಅಂಟಿಕೊಂಡಿತ್ತು. ನಾಲ್ಕನೇ ದಿನವಂತೆ.

“ಬಂದ್ರಿ,” ಅಂದಳು. ಅಷ್ಟೇ.

ಆ ಕೂಸಿಗೆ ನನ್ನ ಡಬ್ಬಿಯಲ್ಲಿ ಏನೂ ಇರಲಿಲ್ಲ. ಹೊಲದಲ್ಲಿದ್ದ ಬೇರೆ ಮೂರು ಕೂಸುಗಳಿಗೆ ಲಸಿಕೆ ಹಾಕಿದೆ. ಅವರ ಮೂರು ಕಲ್ಲಿನ ಒಲೆಯ ಮೇಲೆಯೇ ಸೂಜಿ ಕುದಿಸಿದೆ, ಇಪ್ಪತ್ತು ನಿಮಿಷ, ಕೈಗಡಿಯಾರ ನೋಡಿ. ಆಮೇಲೆ ತಾಯಿಯನ್ನೂ ಕೂಸನ್ನೂ ಎತ್ತಿನ ಗಾಡಿಯಲ್ಲಿ ತಾಂಡೂರಿನ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿಯವರು ಕಣ್ಣು ತೊಳೆದರು, ಎ ಜೀವಸತ್ವದ ಹನಿ ಹಾಕಿದರು, ಮಾಡಬಹುದಾದದ್ದನ್ನೆಲ್ಲ ಮಾಡಿದರು. ಜೀವ ಉಳಿಯಿತು. ಬಲಗಣ್ಣಿನ ಗುಡ್ಡೆ ಬೆಳ್ಳಗಾಯಿತು. ಆ ಕಣ್ಣು ಹೋಯಿತು.

ಅಲ್ಲಿಂದ ಮುಂದೆ ನಾನು ಡಬ್ಬಿಯನ್ನು ಒಂಟಿಯಾಗಿ ಬಿಡಲಿಲ್ಲ. ಎರಡು ವಾರಕ್ಕೊಮ್ಮೆ ಜಹೀರಾಬಾದಿಗೆ ನಾನೇ ಹೋಗಿ ತಂದೆ. ಮೊದಲ ತಿಂಗಳುಗಳಲ್ಲಿ ನನ್ನ ಸುತ್ತ ಮೂರು ಸೀಟು ಖಾಲಿ ಇರುತ್ತಿದ್ದವು. ಮಳೆಗಾಲಕ್ಕೆ ಎರಡಾದವು. ದೀಪಾವಳಿಯ ಹೊತ್ತಿಗೆ ಒಬ್ಬ ಅಜ್ಜ ನನ್ನ ಡಬ್ಬಿಯ ಮೇಲೆ ತನ್ನ ಮೆಣಸಿನಕಾಯಿಯ ಚೀಲ ಇಟ್ಟು ನಿದ್ದೆ ಹೋದ. ಹೆದರಿಕೆ ಬಂದದ್ದಕ್ಕೂ ಕಾರಣ ಕಾಣಲಿಲ್ಲ, ಹೋದದ್ದಕ್ಕೂ ಕಾಣಲಿಲ್ಲ. ಬಾಂಬಿಡುವವರು ಲೋಕದಲ್ಲಿ ಕಡಿಮೆಯಾಗಿರಲಿಲ್ಲ. ನಮ್ಮ ಚೀಟಿಯ ಅಂಟು ಬಿಟ್ಟು ಉದುರಿತ್ತು, ಅಷ್ಟೆ. ಬುತ್ತಿಗಳು ಮತ್ತೆ ಓಡಾಡತೊಡಗಿದವು. ಲಸಿಕೆಗೆ ಬರುವ ತಾಯಂದಿರು ಮಾತ್ರ ಅಷ್ಟು ಬೇಗ ವಾಪಸು ಬರಲಿಲ್ಲ. ಆ ಹಳ್ಳಿಯಲ್ಲಿ ನನ್ನ ಮೇಜಿನ ಮುಂದೆ ಮತ್ತೆ ಸಾಲು ನಿಲ್ಲಲು ಎರಡು ವರ್ಷ ಹಿಡಿಯಿತು.

ಮರುವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಆ ಕೂಡುದಾರಿಯಲ್ಲಿ ಗಾಡಿ ಬದಲಿಸಲು ಇಳಿದೆ. ಕುರುಬರ ಹೆಂಗಸರು ಸಾಮಾನಿನೊಂದಿಗೆ ಬಸ್ಸಿಗೆ ಕಾಯುತ್ತಿದ್ದರು. ಗಂಡಸರು ಕುರಿ ಹೊಡೆದುಕೊಂಡು ನಡೆದು ಹೋಗಿದ್ದರು. ಅವರ ನಡುವೆ ಆ ಸೊಸೆಯೂ ಇದ್ದಳು. ನನಗೆ ತಲೆಯಾಡಿಸಿದಳು. ಕಂಟ್ರೋಲರು ಅದೇ ಮನುಷ್ಯ. ಡಬ್ಬಿ ನೋಡಿ ಅವನ ಮುಖ ಅರಳಿತು. ಚಹಾ ಕುಡಿಯುತ್ತಿದ್ದವರನ್ನು ಕರೆದ.

“ನೋಡ್ರಿ, ಇದೇ ಡಬ್ಬಿ. ನಾಲ್ಕು ಕೊಡ ನೀರ ಹೊಡಸೀವಿ ಇದಕ್ಕ. ಪೇದೆ ಸಾಹೇಬ್ರು ಬಡಿಗಿ ಹಿಡ್ಕೊಂಡು ಬಂದು, ತಿವಿದು, ತಾವೇ ಮೊದಲ ಓಡ್ಯಾರ. ಒಂದು ಚಪ್ಪಲ್ ಇಲ್ಲೇ ಬಿಟ್ಟು ಹೋಗ್ಯಾರ.”

ಎಲ್ಲರೂ ನಕ್ಕರು. ಅವನು ಚೆನ್ನಾಗಿ ಹೇಳುತ್ತಿದ್ದ. ಬಹಳ ಸಲ ಹೇಳಿ ರೂಢಿಯಾಗಿತ್ತು.

“ಪುಣ್ಯಾ, ಯಾರಿಗೂ ಏನೂ ಆಗಿಲ್ಲ ನೋಡ್ರಿ ಬಾಯಿ,” ಅಂದ ಕೊನೆಗೆ.

“ಆಗ್ಯದ,” ಅಂದೆ. “ಆ ಡಬ್ಬಿಯಿಂದ ಗಾಯ ಆದಾಕಿ ಅಲ್ಲಿ ನಿಂತಾಳ.”

ಅವನು ತಿರುಗಿ ನೋಡಿದ. ತಾಯಿಯ ಸೆರಗು ಹಿಡಿದು ನಿಂತಿದ್ದ ಹುಡುಗಿ, ಯಾರು ನಕ್ಕರೆಂದು ನೋಡಲು, ಮುಖವನ್ನು ಪೂರ್ತಿ ಈ ಕಡೆಗೆ ಹೊರಳಿಸಿದಳು. ಎಡಗಣ್ಣಿನಿಂದ ನೋಡಲು ಅವಳು ಅಷ್ಟು ಹೊರಳಬೇಕಾಗಿತ್ತು.

“ಆ ಕೂಸಿಗೂ ಇದಕ್ಕೂ ಏನ್ ಸಂಬಂಧರೀ?” ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಅಷ್ಟರಲ್ಲಿ ನಮ್ಮ ಗಾಡಿ ಬಂತು. ಹೆಂಗಸರು ಸಾಮಾನು ಏರಿಸಿದರು. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಡಬ್ಬಿ ತೋಳಿನಲ್ಲಿ ಹಿಡಿದು, ಅವನಿಗೆ ಮೊದಲಿನಿಂದ ಹೇಳಿದೆ. ಬಿಸಿಲು ಎಷ್ಟು ತಾಸು, ಬರ್ಫಿನಲ್ಲಿ ಏನಿತ್ತು, ಗುಂಡಿಗೆ ಏನು ಹಾಕಿದೆ, ಎಷ್ಟನೇ ದಿನ ಹೊಲ ಮುಟ್ಟಿದೆ, ಕೂಸಿನ ಮೈಮೇಲೆ ಗುಳ್ಳೆ ಎದ್ದು ಎಷ್ಟು ದಿನವಾಗಿತ್ತು. ಜನವರಿಯಲ್ಲಿ ವಯಸ್ಸು ಸಾಲದೆಂದು ನಾನು ಕಳೆದುಕೊಂಡ ಹದಿನೈದು ದಿನವನ್ನೂ ಸೇರಿಸಿ ಹೇಳಿದೆ. ಡ್ರೈವರು ಎರಡು ಸಲ ಹಾರ್ನ್ ಹೊಡೆದ. ನಾನು ಕಾಲು ತೆಗೆಯಲಿಲ್ಲ. ಕಂಟ್ರೋಲರು ಸೀಟಿ ಊದಿ ಗಾಡಿ ಬಿಡಬೇಕಾದವನು, ಸೀಟಿಯನ್ನು ಕೈಯಲ್ಲೇ ಹಿಡಿದು ಕೇಳುತ್ತ ನಿಂತ.

ಗಾಡಿ ಹನ್ನೆರಡು ನಿಮಿಷ ತಡವಾಗಿ ಹೊರಟಿತು. ನನ್ನ ನೌಕರಿಯಲ್ಲಿ ನಾನು ಬೇಕೆಂದೇ ತಡ ಮಾಡಿದ್ದು ಅದೊಂದು ಸಲ.